ಮೂರು ತಪ್ಪುಗಳ ಮಾದರಿ ಪಾಠ

ಜೂನ್ 26, ಸೋಮವಾರ

ಆರು ವರ್ಷ ಅರ್ಜಿ ಹಾಕಿ ಹಾಕಿ ನನ್ನ ಬೆನ್ನೇ ‘ತಮ್ಮ ವಿಧೇಯಳು’ ಎನ್ನುವಂತೆ ಬಾಗಿಹೋಗಿತ್ತು. ಇವತ್ತು ನೆಟ್ಟಗಾಯಿತು. ವರ್ಗಾವಣೆ ಪಟ್ಟಿಯಲ್ಲಿ ನನ್ನ ಹೆಸರಿದೆ. ಅಕ್ಟೋಬರ್ ರಜೆ ಮುಗಿಯುತ್ತಲೇ ಗಂಡ ಇರುವ ಊರಿನ ಶಾಲೆಗೆ.

ಏಳನೇ ತರಗತಿಗೆ ಇಂಗ್ಲಿಷ್ ಕಲಿಸುವವಳಿಗೆ ಕಾಲಗಳೆಲ್ಲ ಬಾಯಿಪಾಠ. ಆದರೆ ನನ್ನ ಸಂಸಾರದಲ್ಲಿ ಮದುವೆ ಭೂತಕಾಲ, ಒಟ್ಟಿಗೆ ಇರುವುದು ಭವಿಷ್ಯತ್ಕಾಲ. ವರ್ತಮಾನಕ್ಕೆ ಶನಿವಾರ ಸಂಜೆಯ ರೈಲು ಮಾತ್ರ. ಗಂಡ ರೈಲ್ವೆಯಲ್ಲಿ ಸಿಗ್ನಲ್ ನೋಡಿಕೊಳ್ಳುವವರು. ಈ ಪುಸ್ತಕದ ಮಟ್ಟಿಗೆ ಅವರು ಸಿಗ್ನಲ್ಲು.

ಫೋನ್ ಮಾಡಿದರೆ, “ಹಸಿರು ಬಿತ್ತಾ ಮೇಷ್ಟ್ರೇ?” ಎಂದರು.

“ಬಿತ್ತು ರೀ.”

“ಹಾಗಾದ್ರೆ ಬಾಲ್ಕನಿ ಮನೆಗೆ ಇವತ್ತೇ ಮಾತು ಕೊಟ್ಟುಬಿಡ್ತೀನಿ. ಎರಡು ಕುರ್ಚಿ ಹಿಡಿಯುತ್ತೆ. ಅಮ್ಮನಿಗೂ ಬೇರೆ ರೂಮು.”

ನನ್ನ ಜೊತೆಗಿರುವ ಅತ್ತೆ ಅಷ್ಟರಲ್ಲಿ ಅಟ್ಟದಿಂದ ಟ್ರಂಕು ಇಳಿಸಿಯಾಗಿತ್ತು. “ಇನ್ನೂ ಅಕ್ಟೋಬರಿಗಲ್ವಾ ಅತ್ತೆ?” ಎಂದರೆ, “ಹೌದಮ್ಮ. ಟ್ರಂಕಿಗೂ ಸ್ವಲ್ಪ ನೆಲದ ಅಭ್ಯಾಸ ಆಗಲಿ” ಎಂದರು.

ಜುಲೈ 3, ಸೋಮವಾರ

ನನ್ನ ತರಗತಿಯಲ್ಲಿ ಒಂದೇ ಕಾನೂನು: ಮೊದಲು ಬಾಯಿ ಬಿಡು, ವ್ಯಾಕರಣ ಹಿಂದಿನಿಂದ ಓಡಿ ಬಂದು ಸೇರಿಕೊಳ್ಳುತ್ತದೆ. ಹಾಗಾಗಿ ಪಕ್ಕದ ಕೊಠಡಿಯಲ್ಲಿ ಗಣಿತ ಕಲಿಸುವ ಲೆಕ್ಕದಕ್ಕನಿಗೆ ನನ್ನ ಪಿರಿಯಡ್ ಎಂದರೆ ಸಂತೆ. ಈ ಸಂತೆಯ ಧ್ವನಿವರ್ಧಕ ಮೂರನೇ ಬೆಂಚಿನ ಹುಡುಗಿ. ಆರಿಸುವ ಗುಂಡಿ ಇಲ್ಲದ್ದರಿಂದ ಎಲ್ಲರಿಗೂ ಅವಳು ರೇಡಿಯೋ. ಇವತ್ತು ತಡವಾಗಿ ಬಂದು ಬಾಗಿಲಲ್ಲೇ ನಿಂತು, “ಮೇಡಂ, ಐ ಈಸ್ ಲೇಟ್, ಬಿಕಾಸ್ ಮೈ ಸೈಕಲ್ ಈಸ್ ಆಂಗ್ರಿ!” ಎಂದಳು. ಚೈನು ಕಳಚಿತ್ತಂತೆ. ವ್ಯಾಕರಣ ಪಂಕ್ಚರ್ ಆಗಿದ್ದರೂ ಗಾಡಿ ಊರು ಮುಟ್ಟಿತಲ್ಲ! ಉಳಿದವರೂ ತಂತಮ್ಮ ಮನೆಯ ಸಾಮಾನುಗಳಿಗೆ ಸಿಟ್ಟು, ನಾಚಿಕೆ, ಜ್ವರ ಎಲ್ಲ ಬರಿಸಿದರು. ಮುಂದಿನ ಬೆಂಚಿನ ಡಿಕ್ಷನರಿ ಎಂಬ ಹುಡುಗ ಮಾತ್ರ ಕಿವಿ ಮುಚ್ಚಿಕೊಂಡಿದ್ದ. ತಪ್ಪು ಕೇಳಿದರೆ ಅವನಿಗೆ ಹಲ್ಲು ಜುಮ್ಮೆನ್ನುತ್ತದೆ.

ಮಧ್ಯಾಹ್ನ ಹೆಡ್ಡು ಕರೆಸಿದರು. (ನಮ್ಮ ಹೆಡ್‌ಮಾಸ್ಟರು. ಶಾಯಿ ಉಳಿಸಲು ಮೊಟಕು ಮಾಡಿದ್ದೇನೆ, ಬೇರೆ ದುರುದ್ದೇಶವಿಲ್ಲ.)

“ಕೂತ್ಕೊಳ್ಳಿ ಮೇಡಮ್ಮೋರೇ. ಮಾಧ್ಯಮಿಕ ಶಾಲೆಗಳ ಅತ್ಯುತ್ತಮ ಇಂಗ್ಲಿಷ್ ಶಿಕ್ಷಕರ ಪ್ರಶಸ್ತಿಗೆ ನಿಮ್ಮ ಹೆಸರು ಕಳಿಸಿದೀನಿ.”

“ನನ್ನದ್ಯಾಕೆ ಸಾರ್?”

“ಇನ್ಯಾರದು ಕಳಿಸಲಿ? ಈ ಶಾಲೆಯಲ್ಲಿ ಇಂಗ್ಲಿಷ್ ಕಲಿಸೋರು ನೀವೊಬ್ಬರೇ ಅಲ್ವಾ?”

ಒಬ್ಬಳೇ ಓಡಿದ ಓಟದಲ್ಲಿ ಮೊದಲು ಬಂದ ಹೆಮ್ಮೆಯಲ್ಲಿ ಮನೆಗೆ ಬಂದೆ.

ಜುಲೈ 5, ಬುಧವಾರ

ಲೆಕ್ಕದಕ್ಕ ಯಾವ ಕಾಗದವನ್ನೂ ಕೊನೆಯ ಸಾಲಿನಿಂದ ಓದುತ್ತಾಳೆ. ಇವತ್ತು ಸ್ಟಾಫ್ ರೂಮಿನ ಬೋರ್ಡಿನಲ್ಲಿ ಅಂಟಿಸಿದ್ದ ಪ್ರಶಸ್ತಿಯ ಪ್ರಕಟಣೆಯನ್ನೂ ಹಾಗೇ ಓದಿದಳು.

“ಕೆಟ್ಟೆ ಕಣೇ! ಗೆದ್ದೋರು ಮೂರು ವರ್ಷ ಅದೇ ಶಾಲೆಯಲ್ಲಿ ಮಾದರಿ ಶಿಕ್ಷಕರಾಗಿ ಇರಬೇಕಂತೆ. ಬೇರೆ ಶಾಲೆಯೋರು ಬಂದು ಹಿಂದಿನ ಬೆಂಚಲ್ಲಿ ಕೂತು ಪಾಠ ನೋಡ್ತಾರಂತೆ. ಅಲ್ಲೀವರೆಗೆ ವರ್ಗಾವಣೆ ರದ್ದು.”

ಹೆಡ್ಡಿನ ಕೋಣೆಗೆ ಓಡಿದೆ. “ಹೌದಾ? ನಾನು ಅಷ್ಟು ಕೆಳಗಿನವರೆಗೆ ಓದಲಿಲ್ಲ” ಎಂದು ಕಿಟಕಿಗೆ ಹೇಳಿದರು. ನಾನು ಅಲ್ಲಾಡದೆ ನಿಂತಿದ್ದನ್ನು ನೋಡಿ ಕಿಟಕಿ ಬಿಟ್ಟು ನನ್ನ ಕಡೆ ತಿರುಗಿದರು. “ನೀವು ಹೋದ್ರೆ ಇಲ್ಲಿಗೆ ಬರೋರು ಯಾರು ಹೇಳಿ? ನಿಮಗಿಂತ ಮುಂಚೆ ಎರಡು ವರ್ಷ ಡ್ರಿಲ್ ಮೇಷ್ಟ್ರೇ ಇಂಗ್ಲಿಷ್ ತಗೊಂಡಿದ್ರು. ಮಕ್ಕಳಿಗೆ ಬಂದಿದ್ದು ‘ಸ್ಟ್ಯಾಂಡ್ ಅಟ್ ಈಸ್’ ಒಂದೇ.”

“ನನ್ನ ಹೆಸರು ವಾಪಸ್ ತಗೊಳ್ತೀನಿ ಸಾರ್.”

“ಧಾರಾಳವಾಗಿ ತಗೊಳ್ಳಿ. ಅದಕ್ಕೆ ನನ್ನ ಸಹಿ ಬೇಕು.”

“ಹಾಕಿ ಮತ್ತೆ.”

“ಪೆನ್ನಲ್ಲಿ ಇಂಕಿಲ್ಲ.”

ಜೇಬಿನಲ್ಲಿ ಪೆನ್ನುಗಳು ಸಾಲಾಗಿ ನಿಂತು ನನ್ನನ್ನು ನೋಡುತ್ತಿದ್ದವು. ಪ್ರಶಸ್ತಿ ಎಂಬ ಪದದೊಳಗೆ ಶಾಸ್ತಿ ಅಡಗಿ ಕೂತಿರುವುದು ಇಷ್ಟು ವರ್ಷ ಭಾಷೆ ಕಲಿಸಿದರೂ ನನಗೆ ಕಂಡಿರಲಿಲ್ಲ. ಬೈದರೆ ದೂರು ಕೊಡಬಹುದು, ಹೊಗಳಿದರೆ ಯಾರಿಗೆ ಕೊಡುವುದು?

ಜುಲೈ 8, ಶನಿವಾರ

ಸಿಗ್ನಲ್ಲು ಬಂದರು. ಎಲ್ಲ ಕೇಳಿ ನಕ್ಕುಬಿಟ್ಟರು.

“ಇಷ್ಟೇನಾ? ಗೆಲ್ಲೋದು ಕಷ್ಟ, ಸೋಲೋಕೇನು? ತೀರ್ಪುಗಾರರು ಬಂದ ದಿನ ಕುರ್ಚೀಲಿ ಕೂತು ಆಕಳಿಸಿಬಿಡು.”

“ಆಕಳಿಕೆ ಬರದಿದ್ರೆ?”

“ನಾನು ರಾತ್ರಿ ಪಾಳಿ ಮಾಡೋನು. ಕಲಿಸಿಕೊಡ್ತೀನಿ.”

ಅಡುಗೆಮನೆಯಿಂದ ಅತ್ತೆ, “ಇವಳ ಕೈಲಿ ಆಗಲ್ಲ ಬಿಡೋ. ಇವಳು ಎಸೆಯೋ ಬಟ್ಟೇನೂ ಇಸ್ತ್ರಿ ಮಾಡಿ ಎಸೀತಾಳೆ” ಎಂದರು. ಮೂವರೂ ನಕ್ಕೆವು. ಸಿಗ್ನಲ್ಲು ಬಾಲ್ಕನಿಗೆ ಯಾವ ಬಣ್ಣದ ಕುರ್ಚಿ ಎಂದು ಕೇಳಿದರು. ಹಸಿರು ಎಂದೆ. ಸೋಲುವುದು ಖಚಿತ ಎಂದು ಗೊತ್ತಾದ ಮೇಲೆ ಎಷ್ಟು ಹಗುರ!

ಜುಲೈ 19, ಬುಧವಾರ

ಇವತ್ತು ಮೊದಲ ಸುತ್ತು. ಹೆಸರು ಹೋದವರೆಲ್ಲ ಒಂದು ಸಭಾಂಗಣದಲ್ಲಿ ಸೇರಿ ತಮ್ಮ ಪಾಠದ ಕ್ರಮದ ಬಗ್ಗೆ ಸ್ವಲ್ಪ ಹೊತ್ತು ಮಾತಾಡಬೇಕು. ನಾನು ಸೋಲಲು ಸಕಲ ಸಿದ್ಧತೆ ಮಾಡಿಕೊಂಡೇ ಹೋಗಿದ್ದೆ: ಮಾಸಲು ಸೀರೆ, ಬರಿಗೈ, ತಲೆಯಲ್ಲಿ ಏನೂ ಇಲ್ಲ.

ಬಾಗಿಲಲ್ಲೇ ಕಾಲೇಜಿನ ಹಳೆಯ ಗೆಳತಿ ಸಿಕ್ಕಳು. ಈಗ ಅವಳು ಗೋಡೆಯೆಲ್ಲ ಗಾಜಿರುವ ದೊಡ್ಡ ಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತಾಳೆ. ನನ್ನನ್ನು ತಲೆಯಿಂದ ಕಾಲಿನವರೆಗೆ ಓದಿ ಅಂಕ ಕೊಟ್ಟು, “ಅಯ್ಯೋ, ನೀನಾ! ಇನ್ನೂ ಅಲ್ಲೇ ಇದೀಯಾ? ಆ ಶಾಲೆಯಲ್ಲಿ ಇಂಗ್ಲಿಷೂ ಹೇಳಿಕೊಡ್ತಾರಾ?” ಎಂದಳು.

ನನಗಾಗಿ ಅಲ್ಲ, ಮಕ್ಕಳಿಗಾಗಿ ಸಿಟ್ಟು ಬಂತು. ನನ್ನ ಸರದಿ ಬಂದಾಗ ಸಿಟ್ಟಾದ ಸೈಕಲ್ಲಿನ ಕಥೆ ಹೇಳಿದೆ. ಮೊದಲು ಬಾಯಿ, ಆಮೇಲೆ ವ್ಯಾಕರಣ ಎಂದೆ. ಸಭಾಂಗಣ ನಕ್ಕಿತು, ಆಮೇಲೆ ಚಪ್ಪಾಳೆ. ಚಪ್ಪಾಳೆ ಇಷ್ಟು ಹತ್ತಿರದಿಂದ ಹೇಗೆ ಕೇಳಿಸುತ್ತದೆಂದು ನನಗೆ ಗೊತ್ತಿರಲಿಲ್ಲ. ಕೊನೆಯ ಸುತ್ತಿಗೆ ಮೂವರು: ನಾನು, ಗಾಜಿನ ಗೆಳತಿ, ಇನ್ನೊಬ್ಬರು ಹಿರಿಯರು. ಕೊನೆಯ ಸುತ್ತೆಂದರೆ ತೀರ್ಪುಗಾರರು ನಮ್ಮ ನಮ್ಮ ತರಗತಿಗೇ ಬಂದು ಪಾಠ ನೋಡುವುದು.

ಸಿಗ್ನಲ್ಲಿಗೆ ಫೋನಿನಲ್ಲಿ, “ಸೋಲೋಕೆ ಇನ್ನೂ ಒಂದು ಸುತ್ತು ಇದೆ, ಹೆದರಬೇಡಿ” ಎಂದೆ. ಮೊದಲ ಸುತ್ತಿನಲ್ಲೇ ಬಿದ್ದರೆ ಅದು ಸೋಲಲ್ಲ, ಜಾರುವಿಕೆ. ಸೋಲಿಗೂ ಒಂದು ಎತ್ತರ ಬೇಡವೇ?

ಜುಲೈ 31, ಸೋಮವಾರ

ನಗಬೇಕೋ ಅಳಬೇಕೋ ತಿಳಿಯದ ದಿನ. ಹೆಡ್ಡು ನನ್ನ ತರಗತಿಯನ್ನು ನಾಟಕ ಕಂಪನಿ ಮಾಡಿದ್ದಾರೆ. ಪಾಠವನ್ನು ಅವರೇ ಆರಿಸಿದರು: ದೀಪಸ್ತಂಭದ ಕಾವಲುಗಾರನ ಕಥೆ. ಬಿರುಗಾಳಿ ನಿಂತ ಮೇಲೆ ಅವನನ್ನು ರಜೆಗೆ ಮನೆಗೆ ಕರೆದೊಯ್ಯಲು ದೋಣಿ ಬರುತ್ತದೆ. ಅವನು ದೋಣಿಯನ್ನು ಖಾಲಿ ಕಳಿಸುತ್ತಾನೆ. ಏಕೆ ಎಂಬುದು ಪ್ರಶ್ನೆ. ಕರ್ತವ್ಯವೇ ಅವನಿಗೆ ದೊಡ್ಡದು ಎಂಬುದು ಉತ್ತರ.

“ಎಲ್ಲರೂ ಸರಿ ಹೇಳಿದ್ರೆ ಉರು ಹೊಡೆಸಿದಾರೆ ಅಂತ ಗೊತ್ತಾಗುತ್ತೆ” ಎಂದರು ಹೆಡ್ಡು. “ನನ್ನ ಹಳೇ ಶಾಲೆಯಲ್ಲಿ ಹಾಗೇ ಸಿಕ್ಕಿಬಿದ್ದಿದ್ವಿ. ಅದಕ್ಕೇ ಈ ಸಲ ಮೂರು ತಪ್ಪು ಉತ್ತರ ಇಟ್ಕೊಳ್ಳೋಣ. ಒಬ್ಬ ‘ಕಾವಲುಗಾರನಿಗೆ ಈಜು ಬರಲ್ಲ’ ಅನ್ನಲಿ. ಒಬ್ಬಳು ‘ದೋಣಿಯವನನ್ನ ಕಂಡ್ರೆ ಭಯ’ ಅನ್ನಲಿ. ಇನ್ನೊಬ್ಬ ‘ನಿದ್ದೆ ಬಂದಿತ್ತು’ ಅನ್ನಲಿ. ನೀವು ತಾಳ್ಮೆಯಿಂದ ತಿದ್ದಿ. ತಾಳ್ಮೆಗೆ ಬೇರೆ ಅಂಕ ಇದೆ.”

ತಪ್ಪು ಹೇಳುವುದು ಜವಾಬ್ದಾರಿಯ ಕೆಲಸ, ಮರೆತು ಸರಿ ಹೇಳಿಬಿಟ್ಟರೆ? ಆದ್ದರಿಂದ ತಪ್ಪುಗಳೆಲ್ಲ ಜಾಣರಿಗೆ ಹಂಚಿಕೆಯಾದವು. ‘ನಿದ್ದೆ ಬಂದಿತ್ತು’ ಎಂಬುದು ಡಿಕ್ಷನರಿಯ ಪಾಲಿಗೆ ಬಂತು. ಅವನು ಗಳಗಳ ಅತ್ತುಬಿಟ್ಟ. “ನನಗೆ ಸರಿ ಉತ್ತರ ಗೊತ್ತು ಮೇಡಂ! ನಾನ್ಯಾಕೆ ತಪ್ಪು ಹೇಳಬೇಕು?” ಸರಿ ಉತ್ತರವನ್ನು, ಇದುವರೆಗೆ ಬಾಯಿ ಬಿಡದ ಹಿಂದಿನ ಸಾಲಿನವನಿಗೆ ಕೊಟ್ಟರು. ರೇಡಿಯೋಗೆ? “ನೀನು ಕೈ ಎತ್ತಬಾರದು, ಅಷ್ಟೇ ನಿನ್ನ ಪಾತ್ರ” ಎಂದರು.

“ಫುಲ್ ಪಿರಿಯಡ್ ಸಾರ್?”

“ಫುಲ್ ಪಿರಿಯಡ್.”

ಸ್ಟಾಫ್ ರೂಮಿನಲ್ಲಿ ಲೆಕ್ಕದಕ್ಕನೂ ನಾನೂ ಕಣ್ಣಲ್ಲಿ ನೀರು ಬರುವವರೆಗೆ ನಕ್ಕೆವು. ಈ ನಾಟಕವನ್ನು ಕೆಡಿಸಲು ನಾನು ಏನೂ ಮಾಡಬೇಕಿಲ್ಲ, ಅದೇ ಕೆಡುತ್ತದೆ.

ಆಗಸ್ಟ್ 5, ಶನಿವಾರ

ಕೆಡಲಿ ಸರಿ, ಆದರೆ ಮಕ್ಕಳ ಮಾನ ಹೋಗುವಂತೆ ಕೆಡಬಾರದು. ಸಂಜೆಯವರೆಗೆ ಅಭ್ಯಾಸ ಮಾಡಿಸಿದೆ. ಮನೆಗೆ ಬರುವಷ್ಟರಲ್ಲಿ ಸಿಗ್ನಲ್ಲು ಬಂದು, ಊಟ ಮುಗಿಸಿ, ಹಸಿರು ಕುರ್ಚಿಯ ಫೋಟೋ ಎದುರಿಗಿಟ್ಟುಕೊಂಡು ತೂಕಡಿಸುತ್ತಿದ್ದರು. “ಆಕಳಿಕೆ ಅಭ್ಯಾಸ ಮಾಡ್ತಾ ಇದ್ದೆಯಾ?” ಎಂದರು. ನಗು ಬಂತು.

ಆಗಸ್ಟ್ 11, ಶುಕ್ರವಾರ

ಹೆಡ್ಡಿಗೆ ನಾಟಕದ ಗಂಧವಿಲ್ಲ. ತಪ್ಪು ಉತ್ತರ ಹೇಳುವವರು ಪ್ರಶ್ನೆ ಮುಗಿಯುವ ಮೊದಲೇ ಗುಂಡು ಹಾರಿಸಿದಂತೆ ಹಾರಿಸುತ್ತಿದ್ದರು. ತಪ್ಪಿಗೂ ಒಂದು ಹದ ಬೇಡವೇ? ಮೊದಲು ಮೇಲೆ ನೋಡಬೇಕು, ತುಟಿ ಕಚ್ಚಬೇಕು, ಅರ್ಧ ಹೇಳಿ ನಿಲ್ಲಬೇಕು, ಆಮೇಲೆ ತಪ್ಪಬೇಕು. ಇದನ್ನು ನಾನೇ ಕೂತು ಕಲಿಸಿದೆ. ಡಿಕ್ಷನರಿ ಈಗ ಅಳುವುದಿಲ್ಲ. ಎಷ್ಟು ಸಹಜವಾಗಿ ತಪ್ಪುತ್ತಾನೆಂದರೆ ನನಗೇ ತಿದ್ದಬೇಕೆನಿಸುತ್ತದೆ.

ರೇಡಿಯೋ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂರುತ್ತಾಳೆ. ಮರೆತು ಎದ್ದುಬಿಡುತ್ತವೆ ಎಂದು ಅವಳದೇ ಉಪಾಯ. ತರಗತಿ ಈಗ ಎಷ್ಟು ಶಾಂತ! ಲೆಕ್ಕದಕ್ಕ ಬಾಗಿಲಲ್ಲಿ ಇಣುಕಿ, “ಏನೇ ಇದು, ಮಕ್ಕಳನ್ನ ಮನೆಗೆ ಕಳಿಸಿಬಿಟ್ಟೆಯೇನೋ ಅಂದ್ಕೊಂಡೆ” ಎಂದಳು. ಅವಳಿಗೆ ಹೊಗಳಲು ಬರುವುದಿಲ್ಲ.

ಗಾಜಿನ ಗೆಳತಿಯ ಶಾಲೆಯಲ್ಲಿ ಪಾಠಕ್ಕೆ ದೊಡ್ಡ ಪರದೆಯ ಮೇಲೆ ಚಲಿಸುವ ಸಮುದ್ರವಂತೆ. ಇರಲಿ, ನನ್ನ ಮಕ್ಕಳ ತಪ್ಪುಗಳ ಮುಂದೆ ಅವಳ ಸಮುದ್ರ ಒಂದು ಲೋಟ ನೀರು.

ಆಗಸ್ಟ್ 19, ಶನಿವಾರ

ಸಿಗ್ನಲ್ಲಿಗೆ ಈ ವಾರ ಬರಬೇಡಿ ಎಂದೆ. ನಾಳೆಯೂ ಅಭ್ಯಾಸ.

“ಸೋಲೋಕೆ ಇಷ್ಟು ಅಭ್ಯಾಸ ಬೇಕಾ ಮೇಷ್ಟ್ರೇ?” ಎಂದರು.

“ಚೆನ್ನಾಗಿ ಸೋಲಬೇಕಲ್ಲ ರೀ.”

ಅತ್ತೆ ಟ್ರಂಕಿನ ಮುಚ್ಚಳ ಹಾಕಿದ ಸದ್ದು, ಬೇಕಿದ್ದಕ್ಕಿಂತ ಸ್ವಲ್ಪ ಜೋರಾಗಿತ್ತು.

ಆಗಸ್ಟ್ 24, ಗುರುವಾರ

ಆಯಿತು.

ತೀರ್ಪುಗಾರರು ಮೂವರು ಹಿಂದಿನ ಬೆಂಚಿನಲ್ಲಿ, ಮಕ್ಕಳ ಬೆಂಚಾದ್ದರಿಂದ ಮಂಡಿ ಗಲ್ಲಕ್ಕೆ ತಾಗುವಂತೆ ಕೂತಿದ್ದರು. ಆಕಳಿಸಬೇಕೆಂಬುದು ನೆನಪಿತ್ತು. ಆದರೆ ಬಾಗಿಲು ದಾಟಿ ಮಕ್ಕಳ ಮುಖ ಕಂಡಾಗ ಬಾಯಿ ತಾನಾಗಿ ಪಾಠಕ್ಕೇ ತೆರೆಯಿತು. ದೋಣಿ ಏಕೆ ಖಾಲಿ ಹೋಯಿತು ಎಂದು ಕೇಳಿದೆ. ಈಜು ಬರುವುದಿಲ್ಲ, ಬಂತು. ದೋಣಿಯವನ ಭಯ, ಬಂತು. ಡಿಕ್ಷನರಿ ಮೇಲೆ ನೋಡಿ, ತುಟಿ ಕಚ್ಚಿ, ಅರ್ಧ ಹೇಳಿ ನಿಂತು, ಕಾವಲುಗಾರನನ್ನು ಅಚ್ಚುಕಟ್ಟಾಗಿ ಮಲಗಿಸಿದ. ನಾನು ತಾಳ್ಮೆಯಿಂದ ತಿದ್ದಿದೆ. ಇನ್ನು ಸರಿ ಉತ್ತರದ ಸರದಿ.

ಆಗ ಮೂರನೇ ಬೆಂಚಿನಿಂದ ಒಂದು ಕೈ ಎದ್ದಿತು. ರೇಡಿಯೋ. ಅವಳ ಮುಖ ಕೆಂಪಾಗಿತ್ತು, ಮಾತು ತುಟಿಯವರೆಗೆ ಬಂದು ನಿಂತಿತ್ತು. ಬಾಗಿಲಲ್ಲಿದ್ದ ಹೆಡ್ಡಿನ ಕಣ್ಣು ಗೋಲಿಗಳಾದವು. ತೀರ್ಪುಗಾರರಲ್ಲಿ ಹಿರಿಯಾಕೆ ಆ ಕೈಯನ್ನು ನೋಡಿದರು, ಆಮೇಲೆ ನನ್ನನ್ನು.

ಅವಳನ್ನು ಕರೆದಿದ್ದರೆ ಸಾಕಿತ್ತು. ಅವಳು ಏನೋ ಹೇಳುತ್ತಿದ್ದಳು, ಉಳಿದವರು ಪಾತ್ರ ಮರೆಯುತ್ತಿದ್ದರು, ಸಂತೆ ನೆರೆಯುತ್ತಿತ್ತು, ಪ್ರಶಸ್ತಿ ಗಾಜಿನ ಶಾಲೆಗೆ, ನಾನು ಬಾಲ್ಕನಿಗೆ. ಆಕಳಿಕೆಗಿಂತ ಸುಲಭ. ಇದು ಮನೆಗೆ ಬಂದ ಮೇಲೆ ಹೊಳೆಯಿತು. ಅಲ್ಲ, ಸುಳ್ಳೇಕೆ, ಆಗಲೇ ಹೊಳೆದಿತ್ತು. ಆದರೆ ಅಷ್ಟು ದಿನ ಬೆವರು ಸುರಿಸಿದ ಉಳಿದ ಮಕ್ಕಳ ಗತಿ? ಒಬ್ಬಳಿಗಾಗಿ ಎಲ್ಲರ ಶ್ರಮ ನೀರುಪಾಲು ಮಾಡಲು ನಾನ್ಯಾರು?

ಆ ಕೈಯ ಪಕ್ಕದಿಂದ ನೋಟವನ್ನು ಜಾರಿಸಿ ಹಿಂದಿನ ಸಾಲಿನವನನ್ನು ಕರೆದೆ. ಕರ್ತವ್ಯವೇ ದೊಡ್ಡದು ಎಂದ, ಗಂಟೆ ಹೊಡೆದಂತೆ. ಕೈ ಸ್ವಲ್ಪ ಹೊತ್ತು ಹಾಗೇ ಇತ್ತು. ಆಮೇಲೆ ಯಾವಾಗ ಇಳಿಯಿತೋ ಗಮನಿಸಲಿಲ್ಲ.

ಸಿಗ್ನಲ್ಲು ಫೋನಿನಲ್ಲಿ ಹೇಗಾಯಿತು ಎಂದು ಕೇಳಿದರು. “ಹೇಗೋ ಆಯ್ತು” ಎಂದೆ. ಅಡ್ಡಗೋಡೆಯ ಮೇಲೆ ದೀಪ ಇಡುವುದೆಂದರೆ ಇದೇ.

ಸೆಪ್ಟೆಂಬರ್ 8, ಶುಕ್ರವಾರ

ಬಂತು. ನನಗೇ ಬಂತು.

ಹೆಡ್ಡು ಮೈಕಿನಲ್ಲಿ ಹೇಳಿದರು, ಮಕ್ಕಳು ಕೂಗಿದರು. ಗಾಜಿನ ಗೆಳತಿ ಫೋನ್ ಮಾಡಿ ಅಭಿನಂದಿಸಿದಳು. ಅವಳ ಹಲ್ಲು ಕಚ್ಚಿದ ಸದ್ದು ಸಂಗೀತದಂತಿತ್ತು. ಫಲಕ ಇಷ್ಟು ಭಾರವೆಂದು ಯಾರಿಗೆ ಗೊತ್ತಿತ್ತು, ಕೈಯಲ್ಲಿ ಹಿಡಿದರೆ ಬೇರೆ ಏನನ್ನೂ ಹಿಡಿಯಲಾಗದು. ವರ್ಗಾವಣೆ ರದ್ದಾದ ಆದೇಶವೂ ಮಧ್ಯಾಹ್ನವೇ ಬಂತು. ನಮ್ಮ ಕಚೇರಿ ಇಷ್ಟು ಚುರುಕೆಂದೂ ಗೊತ್ತಿರಲಿಲ್ಲ.

“ಅವರೇ ಕೊಟ್ಟುಬಿಟ್ರು ರೀ, ನಾನೇನು ಮಾಡಲಿ” ಎಂದು ಸಿಗ್ನಲ್ಲಿಗೆ ಹೇಳಿದೆ. ಬಿಸಿತುಪ್ಪ, ಉಗುಳಲೂ ಆಗದು, ನುಂಗಲೂ ಆಗದು ಎಂದೆ. “ಸಂತೋಷ ಕಣೇ” ಎಂದರು. ಮೇಷ್ಟ್ರೇ ಎನ್ನಲಿಲ್ಲ.

ಸೆಪ್ಟೆಂಬರ್ 17, ಭಾನುವಾರ

ಸಿಗ್ನಲ್ಲಿನ ಜೊತೆ ಅತ್ತೆಯೂ ಹೊರಟರು.

“ಅತ್ತೆ, ನೀವು ಹೋದ್ರೆ ನಾನೊಬ್ಬಳೇ ಆಗ್ತೀನಲ್ಲ?”

“ನೀನೆಲ್ಲಿ ಒಬ್ಬಳು? ವಾರ ವಾರ ನಿನ್ನ ನೋಡೋಕೆ ಜನ ಬರ್ತಾರಂತಲ್ಲ. ಅಲ್ಲಿ ಅವನನ್ನ ನೋಡೋರಿಲ್ಲ.” ಸಿಟ್ಟಿರಲಿಲ್ಲ. ನನ್ನ ಕೆನ್ನೆ ತಟ್ಟಿ, “ಚೆನ್ನಾಗಿ ಊಟ ಮಾಡಮ್ಮ” ಎಂದರು. ಸಿಟ್ಟಿದ್ದಿದ್ದರೆ ಜಗಳವಾಡಬಹುದಿತ್ತು.

ಬಾಲ್ಕನಿ ಮನೆಯನ್ನು ಬೇಡವೆಂದು ಹೇಳಿದ್ದಾರಂತೆ. “ನಮಗಿಬ್ಬರಿಗೆ ಇರೋ ಮನೆ ಸಾಕು” ಎಂದರು ಸಿಗ್ನಲ್ಲು. ಇಬ್ಬರು ಎಂದರೆ ಅವರೂ ಅತ್ತೆಯೂ ಎಂದು ತಿಳಿಯಲು ನನಗೆ ಒಂದು ಕ್ಷಣ ಹಿಡಿಯಿತು. ರೈಲು ಹೊರಟಾಗ ನಾನೇ, “ಮೂರು ವರ್ಷ ಕಣ್ರೀ, ಮೂರು ಗಂಟು ಹಾಕಿಸಿಕೊಂಡೋಳಿಗೆ ಇದೇನು ದೊಡ್ಡದು!” ಎಂದು ತಮಾಷೆ ಮಾಡಿದೆ. ನಗಲಿಲ್ಲ. ರೈಲಿನ ಸದ್ದಿಗೆ ಕೇಳಿಸಲಿಲ್ಲವೆಂದು ಕಾಣುತ್ತದೆ.

ಅಕ್ಟೋಬರ್ 4, ಬುಧವಾರ

ಹಿಂದಿನ ಬೆಂಚಿನಲ್ಲಿ ಇವತ್ತು ಬೇರೆ ಶಾಲೆಯ ಆರು ಶಿಕ್ಷಕರು. ದೀಪಸ್ತಂಭವೇ ಬೇಕೆಂದರು, ಅದೇ ಹೆಸರುವಾಸಿಯಾಗಿದೆಯಂತೆ. ಒಂದು ಬದಲಾವಣೆ ಇರಲೆಂದು ಈ ಸಲ ರೇಡಿಯೋಳನ್ನು ಎಬ್ಬಿಸಿದೆ. ಅವಳು ಎದ್ದು ನಿಂತು, ಯಾರಿಗೂ ಕೇಳಿಸದ ಹಾಗೆ, “ಮೇಡಂ, ನನ್ನದು ಸರಿ ಉತ್ತರಾನಾ, ತಪ್ಪು ಉತ್ತರಾನಾ?” ಎಂದಳು.

“ಸರಿಯದು” ಎಂದೆ.

ಕರ್ತವ್ಯದ ವಾಕ್ಯವನ್ನು ಅಕ್ಷರ ಬಿಡದೆ ಒಪ್ಪಿಸಿ ಕೂತಳು. ಒಂದು ತಪ್ಪೂ ಇಲ್ಲ. ಅತಿಥಿಗಳು ಚಪ್ಪಾಳೆ ತಟ್ಟಿದರು. ಜುಲೈನಲ್ಲಿ ಸೈಕಲ್ಲಿಗೆ ಸಿಟ್ಟು ಬರಿಸಿದ ಹುಡುಗಿಯಲ್ಲಿ ಇಷ್ಟು ಪ್ರಗತಿ!

ಗಂಟೆ ಹೊಡೆದ ಮೇಲೆ ಅವಳನ್ನು ನಿಲ್ಲಿಸಿ ಕೇಳಿದೆ. “ಆವತ್ತು ತೀರ್ಪುಗಾರರು ಬಂದಾಗ ಕೈ ಎತ್ತಿದ್ದೆಯಲ್ಲ, ಏನು ಹೇಳೋಕೆ?”

ಅವಳು ಬಾಗಿಲ ಕಡೆ ನೋಡಿ, ಅತಿಥಿಗಳು ಹೋದದ್ದನ್ನು ಖಾತ್ರಿ ಮಾಡಿಕೊಂಡಳು. “ಈಗ ಹೇಳಬಹುದಾ?”

“ಹೇಳು.”

“ಆ ಕಾವಲುಗಾರನಿಗೆ ಮನೆಗೆ ಹೋಗೋಕೆ ಮನಸ್ಸಿರಲಿಲ್ಲ ಮೇಡಂ, ಅಷ್ಟೇ. ಮನಸ್ಸಿದ್ದಿದ್ರೆ ದೋಣಿ ಹತ್ತಿರ್ತಿದ್ದ. ಕರ್ತವ್ಯ ಅಂತ ಮನೆಯೋರಿಗೆ ಹೇಳಿರ್ತಾನೆ, ಅವರಿಗೆ ಬೇಜಾರಾಗಬಾರದು ಅಂತ.”

ಕನ್ನಡದಲ್ಲೇ ಹೇಳಿದಳು. ಇಂಗ್ಲಿಷಿನಲ್ಲಿ ಪ್ರಯತ್ನಿಸಲೂ ಇಲ್ಲ. ಅದು ಪಾಠದಲ್ಲಿಲ್ಲವಲ್ಲ ಎಂದೆ. “ಗೊತ್ತು ಮೇಡಂ” ಎಂದು ಚೀಲ ಹೆಗಲಿಗೇರಿಸಿ ಹೋದಳು.

ಶನಿವಾರ ಸಿಗ್ನಲ್ಲಿನ ಊರಿಗೆ ಹೋಗಿ ಬರೋಣವೆಂದಿದ್ದೆ. ಆದರೆ ಸೋಮವಾರ ಇನ್ನೊಂದು ತಂಡ ಬರುತ್ತದಂತೆ, ಈ ಸಲ ಹೊಸ ಪಾಠ. ಮೂರು ತಪ್ಪುಗಳು ಯಾರ್ಯಾರಿಗೆ ಎಂದು ಈಗಲೇ ಯೋಚಿಸಬೇಕು.